ಬರಿಗಲ್ಲಿನ ಮೇಲೆ ಕೂತವಳು

"ಹಾಕಲ್ಲ ಅಂದ್ರೆ ಹಾಕಲ್ಲ ಕಣೋ ಬೋರಣ್ಣ. ನಿಮ್ಮವ್ವ ತುಳಿದಿದ್ದು ಹಾಸಿಗೆ ಅಲ್ಲ, ಗದ್ದಿಗೆ."

"ಸತ್ತ ಮೇಲೂ ದಂಡ ವಸೂಲಿ ಮಾಡೋ ದೈವ ಯಾವ್ದು ತೋರಿಸ್ರಿ ಗೌಡ್ರೆ. ಅದರ ಮುಂದೇನೇ ಕೇಳ್ತೀನಿ."

"ಬಾಯಿ ಹಿಡಿದು ಮಾತಾಡು."

"ಇಷ್ಟು ವರ್ಷ ಹಿಡಿದಿದ್ದೆ. ಇವತ್ತು ಹಿಡಿಯಲ್ಲ. ಅವ್ವ ಅಲ್ಲಿ ಕೂತವ್ಳೆ, ಹೊತ್ತು ನೆತ್ತಿಗೇರ್ತಾ ಐತೆ, ನೀವು ನ್ಯಾಯ ಹೇಳ್ತಾ ಕೂತೀರಿ."

ಬೋರಣ್ಣ ಚಳ್ಳಕೆರೆಯಿಂದ ಬೆಳಿಗ್ಗೆ ತಂದಿದ್ದ ಹೊಸ ಕಂಬಳಿಯನ್ನು ಗೌಡ ಚಿಕ್ಕೀರಪ್ಪನ ಕಾಲ ಬುಡಕ್ಕೆ ಎಸೆದ. ಅದು ಮಡಿಕೆ ಬಿಚ್ಚದೆ ಧೊಪ್ಪನೆ ಬಿತ್ತು. ಅಂಗಳದಲ್ಲಿ ಕೂತಿದ್ದ ಗಂಡಸರಲ್ಲಿ ಒಬ್ಬನೂ ಅದನ್ನು ಎತ್ತಲಿಲ್ಲ.

ಎತ್ತುವಂತೆಯೂ ಇರಲಿಲ್ಲ. ಆ ಹಟ್ಟಿಯಲ್ಲಿ ಯಾರು ಸತ್ತರೂ ಗೌಡನ ಕೈಯಿಂದ ಒಂದು ಕರಿ ಕಂಬಳಿ ಬೀಳಬೇಕು. ಬಿದ್ದ ಮೇಲೆ ಹೆಣ ಏಳಬೇಕು. ಕಂಬಳಿ ಬೀಳದ ಹೆಣಕ್ಕೆ ಹಟ್ಟಿಯವರು ಹೆಗಲು ಕೊಡುವುದಿಲ್ಲ. ಕುರಿ ಕಾಯ್ದು ಬದುಕಿದ ಕುಲ, ಕುರಿಯ ಉಣ್ಣೆಯಲ್ಲೇ ಮಣ್ಣಿಗೆ ಹೋಗಬೇಕು ಅನ್ನುವುದು ಹಿಂದಿನಿಂದ ಬಂದ ಮಾತು.

ಬೋರಣ್ಣನ ಅವ್ವ ದೊಡ್ಡಕ್ಕನನ್ನು ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಕಣಗಿಲೆ ಹಾರ. ನಿನ್ನೆ ಸಂಜೆ ಸಣ್ಣಾಸ್ಪತ್ರೆಯಿಂದ ಬಂದವಳು ನೀರು ಕೇಳಿದ್ದಳು. ಸೊಸೆ ರೇಣುಕಮ್ಮ ಚೊಂಬು ತರುವಷ್ಟರಲ್ಲಿ ಇದೇ ಗೋಡೆಗೆ ಒರಗಿ ಮುಗಿದಿದ್ದಳು. ಈಗಲೂ ಹಾಗೇ ಕೂತಿದ್ದಳು, ಯಾರು ಇನ್ನೂ ಬಂದಿಲ್ಲ ಅಂತ ನೋಡುವವಳ ಹಾಗೆ.

ಪಂಚಾಯ್ತಿ ಅಧ್ಯಕ್ಷ ಬಾಲರಾಜು ಕಂಬಳಿಯನ್ನೂ ಗೌಡನನ್ನೂ ನೋಡಿದ. ತನ್ನ ಕೈಚೀಲಕ್ಕೆ ಕೈಹಾಕಿ ಜರಿಯಂಚಿನ ಶಾಲೊಂದನ್ನು ಹೊರತೆಗೆದ.

"ಗಲಾಟೆ ಬ್ಯಾಡ ಬೋರಣ್ಣ. ಪಂಚಾಯ್ತಿ ಕಡೆಯಿಂದ ಶಾಲು ತಂದೀನಿ. ಇದನ್ನೇ ಹೊದಿಸಾನ. ಮರ್ಯಾದೆನೂ ಆಗ್ತೈತೆ."

"ಮೀಟಿಂಗ್‌ನಾಗೆ ನೀವು ನೀವೇ ಹೊದಿಸ್ಕೊಳ್ಳೋದನ್ನ ನಮ್ಮವ್ವಂಗೆ ಯಾಕೆ ಹಾಕ್ತೀಯಪ್ಪ," ಅಂದ ಬೋರಣ್ಣ. ಹಿಂದಿನ ಸಾಲಿನಲ್ಲಿ ಇಬ್ಬರು ಮುಸಿ ಮುಸಿ ನಕ್ಕರು. ಬಾಲರಾಜು ಶಾಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡ.

ಚಿಕ್ಕೀರಪ್ಪ ಗೌಡ ಬೈಗುಳವನ್ನೂ ನಗುವನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಣಗಿದ ಜಾಲಿ ಕೊರಡಿನಂಥ ಮುದುಕ. ಎಡ ಹೆಗಲ ಮೇಲೆ ಕರಿ ಕಂಬಳಿ. ಮದುವೆಯಿರಲಿ, ಮಣ್ಣಿರಲಿ, ಉರಿಬೇಸಿಗೆಯಿರಲಿ, ಆ ಹೆಗಲನ್ನು ಕಂಬಳಿಯಿಲ್ಲದೆ ಕಂಡವರು ಹಟ್ಟಿಯಲ್ಲಿ ಇರಲಿಲ್ಲ.

"ದಂಡ ಹಾಕಿದೋನು ನಾನು," ಅಂದ ಮೆಲ್ಲಗೆ. "ಒಪ್ಕೊಂಡೋಳು ಅವಳು. ಇನ್ಮ್ಯಾಲೆ ನಿನಗೆ ಕಂಬಳಿ ಇಲ್ಲ, ಕೂರೋಕೂ ಇಲ್ಲ, ಹೊದಿಯೋಕೂ ಇಲ್ಲ ಅಂದೆ. ಆಗ್ಲಿ ಅಂದ್ಲು. ಮಾಗಿ ಚಳಿಯಾಗೂ ಒಂದಿನ ಮುರೀಲಿಲ್ಲ. ಅವಳು ಉಳಿಸಿದ ಮಾತನ್ನ ನಾನು ಮುರೀಲಾ?"

ಮುದುಕ ಹಟ ಹಿಡಿದಿದ್ದಾನೆ ಅಂದುಕೊಂಡಿದ್ದ ಬೋರಣ್ಣ. ಇದು ಹಟದ ಮಾತಿನ ಹಾಗಿರಲಿಲ್ಲ.

*

ದೊಡ್ಡಕ್ಕ ಪಂಚಾಯ್ತಿ ಮೆಂಬರ್ ಆಗಿದ್ದು ಹೆಂಗಸರ ಮೀಸಲಾತಿ ಬಂದಿತ್ತು ಅಂತ. ಕಾಮಗಾರಿ ಬಿಲ್ಲು ಬರುವ ಸಮಿತಿಗಳನ್ನೆಲ್ಲ ಗಂಡಸರು ಹಂಚಿಕೊಂಡು, ಬಿಲ್ಲೇ ಇಲ್ಲದ ಆರೋಗ್ಯ ಸಮಿತಿಯನ್ನು ಅವಳ ತಲೆಗೆ ಕಟ್ಟಿದರು. ಆಸ್ಪತ್ರೆ, ಅಂಗನವಾಡಿ ಸರಿಯಾಗಿ ನಡೀತಾವಾ ಅಂತ ನೋಡ್ಕೋಬೇಕು, ಅಷ್ಟೇ ಅಂದರು.

"ನೋಡ್ಕೋಬೇಕು ಅಂದ್ರೆ?" ಅಂತ ಕೇಳಿದಳಂತೆ.

"ಸುಮ್ನೆ ನೋಡ್ಕೊಂಡಿರೋದು ದೊಡ್ಡಕ್ಕ."

ಅವಳು ಮಾತನ್ನು ಹೇಳಿದ ಹಾಗೇ ಹಿಡಿದಳು. ಮಾರನೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ ಸಣ್ಣಾಸ್ಪತ್ರೆಯ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಕೂತಳು. ಸಣ್ಣಾಸ್ಪತ್ರೆ ಅಂದರೆ ದೊಡ್ಡಉಳ್ಳಾರ್ತಿ ದಾರಿಯಲ್ಲಿ, ಕುರಿ ಮೇಯುವ ಕಾವಲಿನ ಅಂಚಿಗೆ ಸರ್ಕಾರ ಕಟ್ಟಿಸಿದ ಎರಡು ಕೋಣೆ. ಬಸುರಿ ಬಾಣಂತಿಯರನ್ನು ನೋಡಲು, ಕೂಸುಗಳಿಗೆ ಸೂಜಿ ಹಾಕಲು ಒಬ್ಬ ನರ್ಸಮ್ಮ.

"ಒಳಗೆ ಬಂದೋರ್ನ ನರ್ಸಮ್ಮ ನೋಡ್ಲಿ. ಬರದೇ ಇರೋರ್ನ ನಾನು ನೋಡ್ತೀನಿ," ಅನ್ನುತ್ತಿದ್ದಳು. ಸಂಜೆ ರೊಪ್ಪದ ಬಾಯಲ್ಲಿ ನಿಂತ ಕುರಿಗಾಹಿ ಒಳಹೊಕ್ಕ ಕುರಿಗಳ ಚಂದ ನೋಡುವುದಿಲ್ಲ, ಯಾವ ಮರಿ ತಾಯಿಯಿಲ್ಲದೆ ಅರಚುತ್ತಿದೆ ಅಂತ ನೋಡುತ್ತಾನೆ. ಅವಳದೂ ಅದೇ ನೋಟ. ಯಾವ ಮನೆ ಬಸುರಿ ಈ ಸಲ ಬರಲಿಲ್ಲ, ಯಾವ ಕೂಸಿನ ಸೂಜಿ ತಪ್ಪಿತು ಎಂಬುದು ಕಣ್ಣಲ್ಲೇ ತಿಳಿಯುತ್ತಿತ್ತು. ಸಂಜೆಗೆ ಆ ಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಂಗನವಾಡಿಯಲ್ಲಿ ಮೊಟ್ಟೆ ಕೊಟ್ಟರೋ ಇಲ್ಲವೋ ಎಂದು ಟೀಚರನ್ನು ಕೇಳುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ಮಕ್ಕಳ ಕೈ ಹಿಡಿದು ಮೂಸುತ್ತಿದ್ದಳು.

ಮೆಂಬರ್‌ಗಿರಿ ಒಂದೇ ಅವಧಿಗೆ ಮುಗಿಯಿತು. ಅವಳು ಕಲ್ಲು ಬಿಡಲಿಲ್ಲ. ಬೋರಣ್ಣ ಒಮ್ಮೆ ಸಿಟ್ಟಿಗೆದ್ದು, "ನಿನ್ನ ಮೆಂಬರ್‌ಗಿರಿ ಮುಗೀತಲ್ಲವ್ವ, ಇನ್ಯಾಕೆ ಅಲ್ಲಿ ಕೂರ್ತೀಯ?" ಅಂದಿದ್ದ.

"ಮೆಂಬರ್‌ಗಿರಿ ಮುಗೀತಪ್ಪ. ಊರಾಗೆ ಬಸುರಿ ಆಗೋದು ಮುಗೀತಾ?" ಅಂದಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಅಂಗಳ ಸಾಲದಾಯಿತು. ಬೋರಣ್ಣ ನೆಂಟರಿಗಷ್ಟೇ ಫೋನು ಮಾಡಿಸಿದ್ದ. ಆದರೆ ಕಾವಲಿನ ದಾರಿಯಲ್ಲಿ ಹೆಂಗಸರು ಬರುತ್ತಲೇ ಇದ್ದರು. ಟ್ರ್ಯಾಕ್ಟರಿನಲ್ಲಿ, ಆಟೋದಲ್ಲಿ, ಕಾಲ್ನಡಿಗೆಯಲ್ಲಿ, ಸೊಂಟದ ಮೇಲೆ ಕೂಸು ಏರಿಸಿಕೊಂಡು. ಬಂದವರು ಬೊಬ್ಬೆ ಹೊಡೆದು ಅಳಲಿಲ್ಲ. ಸುಮ್ಮನೆ ಹೋಗಿ ದೊಡ್ಡಕ್ಕನ ಮುಂದೆ ನಿಂತು, ಕೂಸಿನ ಮುಖವನ್ನು ಅವಳ ಕಡೆ ತಿರುಗಿಸಿ ಹಿಡಿದು, ಆಮೇಲೆ ಪಕ್ಕಕ್ಕೆ ಹೋಗಿ ಕೂತರು. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲು ಬಂದವಳು ಹಾಗೆ ಮಾಡಿದಳು, ಉಳಿದವರೂ ಹಾಗೇ ಮಾಡಿದರು.

ಬೋರಣ್ಣ ಬಾಯಿ ತೆರೆದುಕೊಂಡು ನಿಂತ. ಇವರಲ್ಲಿ ಅರ್ಧ ಜನರ ಮುಖವನ್ನೂ ಅವನು ಕಂಡಿರಲಿಲ್ಲ. ದಿನಾ ಸಂಜೆ ತಡವಾಗಿ ಬಂದು ತಂಗಳು ಮುದ್ದೆ ಉಣ್ಣುತ್ತಿದ್ದ ಈ ಕುಳ್ಳ ಮುದುಕಿ ಇಷ್ಟು ಬಾಗಿಲುಗಳಲ್ಲಿ ನಿಂತು ಬಂದಿದ್ದಳೇ?

ದೇವಸಮುದ್ರದಿಂದ ಬಸ್ಸು ಬದಲಿಸಿಕೊಂಡು ನರ್ಸಮ್ಮ ಮಾಲತಿ ಬಂದಳು. ಸಣ್ಣಾಸ್ಪತ್ರೆಯಲ್ಲಿ ಬಹಳ ವರ್ಷ ಇದ್ದು ಅತ್ತ ವರ್ಗವಾಗಿ ಹೋದವಳು. ರೇಣುಕಮ್ಮ ಅವಳಿಗೆ ಚಾಪೆ ಹಾಕಿದಳು.

"ನಿಮ್ಮತ್ತೆಗೆ ಶಾಪ ಹಾಕದ ದಿನ ಇರ್ಲಿಲ್ಲ ರೇಣುಕಮ್ಮ," ಅಂದಳು ಮಾಲತಿ ಕಣ್ಣೊರೆಸಿಕೊಂಡು. "ಮೇಲಿನ ಸಾಹೇಬ್ರು ಜೀಪಲ್ಲಿ ಬಂದು ಕೂಗಾಡಿ ಹೋಗೋರು, ಹೆದರಲಿಲ್ಲ. ಇವ್ರು ಒಂದು ಮಾತೂ ಆಡ್ತಿರಲಿಲ್ಲ. ಸುಮ್ನೆ ಕೂತಿರೋರು. ಬೆಳಿಗ್ಗೆ ಎದ್ದಾಗ ಮೈಯಾಗಿಲ್ಲ, ರಜಾ ಹಾಕೋಣ ಅನ್ನಿಸೋದು. ಆ ಕಲ್ಲಿನ ಮೇಲೆ ಇವ್ರು ಕಾಯ್ತಿರ್ತಾರಲ್ಲ ಅನ್ಕೊಂಡು ಸೀರೆ ಉಡ್ತಿದ್ದೆ."

"ಆ ಕಲ್ಲು ನುಣ್ಣಗಾಗೋಗೈತೆ ಸಿಸ್ಟರ್," ಅಂದಳು ರೇಣುಕಮ್ಮ. "ದೇವ್ರ ಗುಂಡಿನ ಹಂಗೆ ಹೊಳೀತೈತೆ."

"ಗದ್ದಿಗೆ ಕಂಬಳಿ ತುಳಿದ ದಿನಾನೂ ನಾನು ಒಳಗೇ ಇದ್ದೆ," ಅಂದಳು ಮಾಲತಿ. ಎಲ್ಲರೂ ಗೌಡನ ಮುಖ ನೋಡಿದರು. ಗೌಡ ನೆಲ ನೋಡುತ್ತಿದ್ದ.

*

ಅದು ನಡೆದದ್ದು ಹೀಗೆ. ಮಾಲತಿಗಿಂತ ಮೊದಲಿದ್ದ ನರ್ಸಮ್ಮ ಪೇಟೆಯಲ್ಲೇ ಇದ್ದುಕೊಂಡು, ಮನಸ್ಸು ಬಂದಾಗ ಬಂದು ಬೀಗ ತೆಗೆಯುತ್ತಿದ್ದಳು. ಮೇಲಿನಿಂದ ತಪಾಸಣೆಗೆ ಬಂದ ಸಾಹೇಬರು ಬೀಗ ನೋಡಿಯೂ ಎಲ್ಲ ಸರಿ ಇದೆ ಅಂದರು. ದೊಡ್ಡಕ್ಕನಿಗೆ ರೇಗಿತು. ಮನೆಗೆ ಹೋಗಿ ಕಂಬಳಿ ತಂದು, ನಾಲ್ಕು ಮಡಿಕೆ ಮಾಡಿ ಆಸ್ಪತ್ರೆಯ ಹೊಸ್ತಿಲ ಮೇಲೆ ಹಾಸಿ, ಅರಿಶಿನದ ಭಂಡಾರ ಹಚ್ಚಿ, ವೀಳ್ಯದೆಲೆ ಇಟ್ಟಳು. ಕುಲದ ನ್ಯಾಯಕ್ಕೆ ಹಾಸುವ ಗದ್ದಿಗೆ ಅದು. ಅದರ ಮುಂದೆ ಸುಳ್ಳಾಡಿದವನ ವಂಶ ಉಳಿಯುವುದಿಲ್ಲ ಅಂತ ಮಾತು.

"ಇದರ ಮುಂದೆ ನಿಂತು ಹೇಳ್ರಿ ಸ್ವಾಮಿ, ಎಲ್ಲ ಸರಿ ಐತೆ ಅಂತ."

ಸಾಹೇಬರೂ ಈ ಸೀಮೆಯವರೇ. ಕಂಬಳಿ ನೋಡಿದರು, ಹೇಳಲಿಲ್ಲ. ಆ ನರ್ಸಮ್ಮ ಹೋಗಿ ಮಾಲತಿ ಬಂದಳು. ಬೀಗ ದಿನಾ ತೆರೆಯತೊಡಗಿತು. ದೊಡ್ಡಕ್ಕ ಗೆದ್ದೆ ಅಂದುಕೊಂಡಳು.

ಆದರೆ ಗದ್ದಿಗೆ ಹೊಸ್ತಿಲ ಮೇಲೇ ಉಳಿಯಿತು. ಹಾಸಿದ ಗದ್ದಿಗೆಯನ್ನು ಗೌಡ ಮಿಂದು, ಕುಲದವರನ್ನು ಕೂಡಿಸಿ, ಪೂಜೆ ಮಾಡಿಯೇ ಎತ್ತಬೇಕು. ಗೌಡ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಗದ್ದಿಗೆಯನ್ನು ದಾಟಲು ಯಾವ ಹೆಂಗಸಿಗೆ ಧೈರ್ಯ? ಬಂದವರು ಚಪ್ಪಲಿ ಬಿಟ್ಟು, ದೂರದಿಂದ ಕೈಮುಗಿದು, ಕಾಯಿ ಒಡೆದು ವಾಪಸು ಹೋದರು. ಒಳಗೆ ಈ ಕುಲದವಳಲ್ಲದ ಮಾಲತಿ ಸೂಜಿಯ ಡಬ್ಬಿ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಬಾಗಿಲು ತೆರೆಸಲು ಹೋಗಿ ದೊಡ್ಡಕ್ಕ ಬೀಗಕ್ಕಿಂತ ದೊಡ್ಡದನ್ನು ಜಡಿದಿದ್ದಳು.

ಗೌಡ ಊರಿಗೆ ಬಂದ ದಿನವೇ ಅವನ ಸೊಸೆ ಗಂಗಲಕ್ಷ್ಮಿಗೆ ನೋವು ಬಂತು. ಕೂಸು ಅಡ್ಡ ತಿರುಗಿದೆ ಅಂದಳು ಸೂಲಗಿತ್ತಿ. ಚಳ್ಳಕೆರೆಯ ಆಂಬ್ಯುಲೆನ್ಸ್ ಬರುವವರೆಗೆ ನರ್ಸಮ್ಮನ ಕೈಗಾದರೂ ಒಪ್ಪಿಸೋಣ ಅಂತ ಆಟೋದಲ್ಲಿ ತಂದರು. ಹೊಸ್ತಿಲ ಮುಂದೆ ಎಲ್ಲರ ಕಾಲೂ ನಿಂತವು. ಹೆರುವ ಹೆಂಗಸು ಗದ್ದಿಗೆ ದಾಟುವುದೇ?

"ಮಿಂದು ಬರ್ತೀನಿ, ತಡೀರಿ," ಅಂದ ಗೌಡ.

"ಆಗಲ್ಲ ಬಿಡು ಗೌಡ. ಕೂಸು ತಡಿಯಲ್ಲ," ಅಂದಳು ದೊಡ್ಡಕ್ಕ.

ಅವಳು ಕಲ್ಲಿನಿಂದ ಎದ್ದಳು. ಭಂಡಾರ, ವೀಳ್ಯ, ಎಲ್ಲದರ ಮೇಲೆ ಬಲಗಾಲು ಇಟ್ಟಳು, ಎಡಗಾಲೂ ಇಟ್ಟಳು. ಕಂಬಳಿಯ ನಡುಮಧ್ಯೆ ನಿಂತು ನಾಲ್ಕು ಸಲ ತುಳಿದಳು. ಹೆಂಗಸರು ಕಣ್ಣು ಮುಚ್ಚಿಕೊಂಡರು. ದೊಡ್ಡಕ್ಕನ ಮುಖ ಹೆಣದ ಹಾಗೆ ಬಿಳಿಚಿಕೊಂಡಿತ್ತು. ಅವಳೂ ಆ ಕುಲದವಳೇ, ಆ ಭಯದಲ್ಲೇ ಬೆಳೆದವಳು.

"ಈಗ ಇದು ಬರೀ ಕಂಬಳಿ," ಅಂದಳು. "ಬಾರೇ ತಾಯಿ."

*

ಹೊತ್ತು ಇಳಿಯಿತು. ಕಣಗಿಲೆ ಬಾಡತೊಡಗಿತು. ಗುಂಡಿ ತೋಡಿದವರು ಬಂದು ಹೇಳಿಯೂ ಆಗಿತ್ತು.

"ನಾನೊಬ್ಬನೇ ಹೊತ್ಕೊಂಡು ಹೋಗ್ತೀನಿ," ಅಂದ ಬೋರಣ್ಣ. ಸಿಟ್ಟು ಹೋಗಿತ್ತು. "ಸಣ್ಣೋನಿದ್ದಾಗ ನನ್ನ ಹೊತ್ತಿದ್ಲು. ಭಾರ ಆಗಕ್ಕಿಲ್ಲ."

"ಸುಮ್ನಿರು ಬೋರಣ್ಣ, ಸ್ವಲ್ಪ ತಡಿ," ಅಂತ ಹೆಂಗಸರ ನಡುವಿನಿಂದ ಒಂದು ದನಿ ಬಂತು. ಗಂಗಲಕ್ಷ್ಮಿ. ಗೌಡನ ಮುಂದೆ ಎಂದೂ ತಲೆಯೆತ್ತಿ ಮಾತಾಡದ ಸೊಸೆ. ಅವಳ ಪಕ್ಕದಲ್ಲಿ ಎರಡು ಜಡೆಯ ಮಗಳು ನಿಂತಿದ್ದಳು, ಅಂದು ಅಡ್ಡ ತಿರುಗಿದ್ದ ಕೂಸು. ಗಂಗಲಕ್ಷ್ಮಿ ಸೆರಗು ಸರಿಮಾಡಿಕೊಂಡು ತನ್ನ ಮಾವನ ಎದುರಿಗೆ ಬಂದು ನಿಂತಳು.

"ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ ಮಾವ. ಅವತ್ತು ಆಯಮ್ಮ ತುಳೀದೇ ಇದ್ದಿದ್ರೆ, ನನಗೆ ನಿಮ್ಮ ಕೈಯಾರ ಯಾವ ಕಂಬಳಿ ಹಾಕ್ತಿದ್ರಿ?"

ಒಂದು ಕೂಸು ಅತ್ತಿತು, ತಾಯಿ ಅದರ ಬಾಯಿಗೆ ಮೊಲೆ ಕೊಟ್ಟಳು.

ಚಿಕ್ಕೀರಪ್ಪ ಬಹಳ ಹೊತ್ತು ಮೊಮ್ಮಗಳನ್ನು ನೋಡಿದ. ಆಮೇಲೆ ಕೋಲೂರಿ ಎದ್ದ. ಹೊಸ ಕಂಬಳಿಯನ್ನು ದಾಟದೆ, ಸುತ್ತಿ ಬಳಸಿ, ದೊಡ್ಡಕ್ಕನ ಮುಂದೆ ಹೋಗಿ ನಿಂತ. ತುಟಿ ಅಲುಗಿತು. ಅವನು ಏನಂದ ಅಂತ ಹತ್ತಿರ ಕೂತಿದ್ದ ಮಾಲತಿಗೂ ಕೇಳಲಿಲ್ಲ. ಸತ್ತವಳ ಕಾಲ ಬಳಿ ಬಗ್ಗಿದ. ಬಗ್ಗಿದಾಗ ಹೆಗಲ ಮೇಲಿನ ಕರಿ ಕಂಬಳಿ ಜಾರಿ, ದೊಡ್ಡಕ್ಕನ ಮಡಿಲಿನ ಮೇಲಿಂದ ಪಾದದವರೆಗೆ ಇಳಿದು ಬಿತ್ತು.

ಗೌಡ ಅದನ್ನು ತೆಗೆದುಕೊಳ್ಳಲಿಲ್ಲ. ನೆಟ್ಟಗಾಗಿ, ಯಾರ ಮುಖವನ್ನೂ ನೋಡದೆ, ಅಂಗಳ ದಾಟಿ ಹೊರಗೆ ನಡೆದ.

"ಗೌಡ್ರೆ, ಕಂಬಳಿ ಬಿಟ್ಟೋಗ್ತಾ ಇದೀರಿ," ಅಂತ ಬಾಲರಾಜು ಕೂಗಿದ.

ಮುದುಕ ತಿರುಗಲಿಲ್ಲ.

"ಬಾಯಿ ಮುಚ್ಚಲೇ," ಅಂದ ಬೋರಣ್ಣ.

ಹಟ್ಟಿಯ ಗಂಡಸರು ಒಬ್ಬೊಬ್ಬರಾಗಿ ಎದ್ದು ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡರು. ರೇಣುಕಮ್ಮ ಕರಿ ಕಂಬಳಿಯ ಅಂಚನ್ನು ಅತ್ತೆಯ ಕೊರಳವರೆಗೆ ಎಳೆದು ಹೊದಿಸಿದಳು. ಬೋರಣ್ಣ ಮಾತ್ರ ಬೇಲಿಯ ಬಳಿ ನಿಂತು ನೋಡುತ್ತಿದ್ದ. ಗೌಡ ತನ್ನ ಮನೆಯ ದಾರಿ ಹಿಡಿಯಲಿಲ್ಲ, ಗುಂಡಿಯ ಕಡೆಗೂ ಹೋಗಲಿಲ್ಲ. ಒಣ ಹುಲ್ಲಿನ ಕಾವಲಿಗೆ ಇಳಿದು ನೇರ ನಡೆಯುತ್ತಿದ್ದ. ಕಂಬಳಿಯ ಅಡಿಯಲ್ಲೇ ಕಾಲ ಕಳೆದಿದ್ದ ಆ ಎಡ ಹೆಗಲಿಗೆ ಬಿಸಿಲು ಬಿದ್ದು, ಬಹಳ ದೂರದವರೆಗೆ ಅದೊಂದೇ ಕಾಣುತ್ತಿತ್ತು.