ಬಾಗಿಲು ತಟ್ಟಿದ ಸೂಜಿ

ಕತೆಗಳಿಗೆ ಇನ್ನೂ ಹಲ್ಲು ಮೂಡದಿದ್ದ ಕಾಲದಲ್ಲಿ ಒಬ್ಬಳು ಅಜ್ಜಿಯಿದ್ದಳು. ಅವಳ ಕೆಳದವಡೆಯ ಹುಳುಕು ಹಲ್ಲಿನಲ್ಲಿ ಒಬ್ಬ ರಾಕ್ಷಸ ಮನೆ ಮಾಡಿದ್ದ. ವರ್ಷಕ್ಕೊಮ್ಮೆ ಏಳುತ್ತಿದ್ದ, ಮತ್ತೆ ಮಲಗುತ್ತಿದ್ದ. ಅವನನ್ನು ನಾನೇ ಓಡಿಸುತ್ತೇನೆಂದು ಏಳು ವರ್ಷದ ಮೊಮ್ಮಗಳು ಮಾತು ಕೊಟ್ಟಳು.

ಆ ಮೊಮ್ಮಗಳು ನಾನು. ಹಲ್ಲಿನ ಡಾಕ್ಟರಾಗಿ ಎರಡು ವರ್ಷವಾದರೂ ಮಾತು ಹಾಗೇ ಉಳಿದಿತ್ತು. ಅಜ್ಜಿಗೆ ರಾಕ್ಷಸನಿಗಿಂತ ಸೂಜಿಯ ಭಯ ಹೆಚ್ಚು. ಹರೆಯದಲ್ಲಿ ಯಾರೋ ವೈದ್ಯರು ಚುಚ್ಚಿದೊಡನೆ ಎದೆ ಡವಡವ ಹೊಡೆದುಕೊಂಡು, ಕೈಕಾಲು ನಡುಗಿ, ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಎದ್ದು ಬಂದವಳು ಅವಳು.

ಈ ಸಲ ರಾಕ್ಷಸ ನಾಲ್ಕು ದಿನ ಊಟ ಮಾಡಗೊಡಲಿಲ್ಲ. ಐದನೆಯ ಬೆಳಿಗ್ಗೆ ಅಜ್ಜಿ ತಾನಾಗೇ ನನ್ನ ಕ್ಲಿನಿಕ್ಕಿಗೆ ಬಂದು ಕುರ್ಚಿಯಲ್ಲಿ ಕೂತಳು.

“ಎದೆ ಹಾರ್ತೋ, ಎದ್ದು ಹೋಗ್ತೀನಿ. ಆಮೇಲೆ ಸಾಯೋವರೆಗೂ ಹಲ್ಲಿನ ಸುದ್ದಿ ಎತ್ತಬಾರದು.”

ಸಿಸ್ಟರ್ ರಕ್ತದೊತ್ತಡ ನೋಡಿ ಸರಿಯಿದೆಯೆಂದು ತಲೆಯಾಡಿಸಿದರು. ನಾನು ವಸಡಿಗೆ ಮರಗಟ್ಟುವ ಮುಲಾಮು ಸವರಿದೆ.

“ಕಳ್ಳಿ ಹಾಗೆ ಏನೇ ಬಚ್ಚಿಡ್ತಿದೀಯ? ತೋರಿಸು.”

ತೋರಿಸಿದೆ. ಉಕ್ಕಿನ ಸಿರಿಂಜು, ಒಳಗೆ ಔಷಧ ತುಂಬಿದ ಗಾಜಿನ ಕೊಳವೆ, ತುದಿಗೊಂದು ಉಂಗುರ.

“ಉಂಗುರ ಯಾಕೆ? ಮದುವೆಗಾ?”

“ಹೆಬ್ಬೆರಳಿಗೆ ಅಜ್ಜಿ. ಔಷಧ ಬಿಡೋಕ್ ಮುಂಚೆ ಹಿಂದಕ್ಕೆ ಎಳೀತೀನಿ. ಸೂಜಿ ರಕ್ತನಾಳದಲ್ಲಿದ್ರೆ ಗಾಜಿನೊಳಗೆ ರಕ್ತ ಬರುತ್ತೆ. ಬಂದ್ರೆ ಔಷಧ ಬಿಡಲ್ಲ, ಅದು ಸೀದಾ ರಕ್ತಕ್ಕೆ ಸೇರಿದ್ರೆ ಎದೆ ಹಾರುತ್ತೆ.”

“ಒಳಗೆ ಯಾರಿದಾರೆ ಅಂತ ಬಾಗಿಲು ತಟ್ಟೋದು ಅನ್ನು. ಅವತ್ತು ಆ ಪುಣ್ಯಾತ್ಮ ಸೀದಾ ನುಗ್ಗಿಬಿಟ್ಟ ಅನ್ಸುತ್ತೆ.” ಬಾಯಿ ತೆರೆದಳು.

ಕೆನ್ನೆಯನ್ನು ಹಲ್ಲು ನೋಡುವ ಪುಟ್ಟ ಕನ್ನಡಿಯಿಂದ ಸರಿಸಿ ಸೂಜಿ ಇಳಿಸಿದೆ. ತುದಿ ಮೂಳೆಗೆ ತಾಗಿತು. ಕೂದಲೆಳೆಯಷ್ಟು ಹಿಂದೆ ಸರಿಸಿ ಉಂಗುರ ಎಳೆದೆ. ಗಾಜಿನೊಳಗೆ ಕೆಂಪು ಎಳೆಯೊಂದು ಹೊಗೆಯಂತೆ ಸುರುಳಿ ಬಿಚ್ಚಿತು.

ಸೂಜಿ ಹೊರತೆಗೆದೆ. ಇನ್ನು ಇವಳು ಎದ್ದು ಹೋದರೆ?

“ಅಜ್ಜಿ, ಮನೇಲಿ ಜನ ಇದಾರೆ. ಇನ್ನೊಂದ್ಸಲ ಚುಚ್ಚಬೇಕು.”

ಅವಳ ಕೈ ಕುರ್ಚಿಯ ತೋಳನ್ನು ಹಿಡಿಯಿತು. ಸೂಜಿಯ ಮುಚ್ಚಳವನ್ನು ತಟ್ಟೆಯ ಮೇಲೆಯೇ ಬಿಟ್ಟು, ಬೆರಳಿಗೆ ಚುಚ್ಚದಂತೆ ಸೂಜಿಯ ತುದಿಯಿಂದಲೇ ಅದನ್ನು ಮೊಗೆದುಕೊಳ್ಳಹೋದೆ. ಗಾಬರಿಯಲ್ಲಿ ಮುಚ್ಚಳ ಹಿಡಿಯಲು ಎಡಗೈಯೂ ಮುಂದೆ ಬಂತು.

“ಇನ್ನೊಂದು ಕೈ ಬೆನ್ನ ಹಿಂದೆ, ಡಾಕ್ಟ್ರೇ,” ಎಂದರು ಸಿಸ್ಟರ್.

ಒಂದೇ ಕೈಯಲ್ಲಿ ಮುಚ್ಚಿದೆ. ಸಿಸ್ಟರ್ ಹೊಸ ಸೂಜಿ, ಹೊಸ ಕೊಳವೆ ತಂದರು. ಅಜ್ಜಿ ಎದೆಯ ಮೇಲೆ ಅಂಗೈ ಇಟ್ಟು ಆಲಿಸುತ್ತಿದ್ದಳು.

“ಸುಮ್ನಿದೆ ಕಣೇ.”

“ಒಂದು ಹನಿಯೂ ಬಿಟ್ಟಿಲ್ಲ ಅಜ್ಜಿ.”

“ಸರಿ, ಪಕ್ಕದ ಮನೆ ಬಾಗಿಲು ತಟ್ಟು.” ತಲೆ ಹಿಂದಕ್ಕೊರಗಿತು.

ಈ ಸಲ ಗಾಜು ತಿಳಿಯಾಗಿಯೇ ಇತ್ತು. ನನ್ನನ್ನು ಮಲಗಿಸಲು ಅವಳು ಕತೆ ಎಳೆಯುತ್ತಿದ್ದ ನಿಧಾನದಲ್ಲೇ ಔಷಧ ಬಿಟ್ಟೆ. ಎದೆ ಹಾರಲಿಲ್ಲ. ಹತ್ತು ನಿಮಿಷಕ್ಕೆ, “ತುಟಿ ಯಾರದ್ದೋ ಆಗೋಯ್ತು,” ಎಂದು ತೊದಲಿದಳು. ವಸಡನ್ನು ಸಲಕರಣೆಯ ಮೊನೆಯಿಂದ ಒತ್ತಿ ನೋಡಿದೆ, ನೋವಿಲ್ಲವೆಂದು ಕೈಯಾಡಿಸಿದಳು.

ಇಕ್ಕಳದಲ್ಲಿ ಹಲ್ಲನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಿದೆ. ರಾಕ್ಷಸ ಬೇರು ಸಮೇತ ಎದ್ದು ಬಂದು, ಉಕ್ಕಿನ ತಟ್ಟೆಯಲ್ಲಿ ಠಣ್ಣೆಂದು ಬಿದ್ದ.