ಅಣ್ಣ ನುಂಗಿಕೊಂಡ ಮಾತು

ಹೃದಯದ ಕವಾಟ ಸುಣ್ಣಗಟ್ಟಿ ಗಡುಸಾಗಿದೆ, ಬದಲಿಸಲೇಬೇಕು ಎಂದು ವೈದ್ಯೆ ಹೇಳಿದಾಗ ದರ್ಜಿ ಹೆಂಗಸು ಅಷ್ಟೇನೂ ಅಂಜಲಿಲ್ಲ. ಎಪ್ಪತ್ತರ ಹತ್ತಿರ ಬಂದ ಮೈ, ಎಲ್ಲೋ ಒಂದು ಕಡೆ ಹೊಲಿಗೆ ಬಿಡಲೇಬೇಕಲ್ಲ. ಆದರೆ ಎಣ್ಣೆ, ಬೆಣ್ಣೆ ಬಿಟ್ಟು ಬಾಯಿ ಕಟ್ಟಿದ್ದೆಲ್ಲ ನೀರುಪಾಲಾಯಿತೇ ಎಂದು ಕೇಳಿದಳು. ಇದು ತಿಂದು ಬಂದದ್ದಲ್ಲ, ಹೆತ್ತವರಿಂದ ರಕ್ತದಲ್ಲೇ ಇಳಿದು ಬಂದ ಒಂದು ಬಗೆಯ ಕೊಲೆಸ್ಟ್ರಾಲ್, ಪಥ್ಯಕ್ಕೆ ಜಗ್ಗುವುದಿಲ್ಲ ಎಂದರು ವೈದ್ಯೆ. ಒಬ್ಬರಲ್ಲಿ ಕಂಡರೆ ಒಡಹುಟ್ಟಿದವರು, ಮಕ್ಕಳು ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಇಲ್ಲಿ ಪ್ರತಿ ರೋಗಿಗೂ ತಪ್ಪದೆ ಹೇಳುತ್ತೇವೆ ಎಂದೂ ಸೇರಿಸಿದರು.

ಆ ಮಾತಿಗೆ ಅವಳಿಗೆ ಅಣ್ಣ ನೆನಪಾದ. ಆರು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಅಣ್ಣನ ಕವಾಟ ಬದಲಿಸಿದ್ದರು. ಎಲ್ಲ ಸಿಗರೇಟಿನ ಫಲ ಎಂದಷ್ಟೇ ಅವನು ಮನೆಯವರಿಗೆ ಹೇಳಿದ್ದ. ಆಮೇಲೆ ಕಿರಿಯ ತಂಗಿ ಪುಟ್ಟಿಗೆ ಏದುಸಿರು ಶುರುವಾದಾಗ, ನಾಲ್ಕು ಜನರೆದುರು ಅವಳ ತಟ್ಟೆಯನ್ನು ಎಳೆದಿಟ್ಟು, ಬಾಯಿ ಕಟ್ಟಿದರೆ ಉಸಿರು ತಾನೇ ನೆಟ್ಟಗಾಗುತ್ತೆ ಎಂದು ನಕ್ಕವನೂ ಇದೇ ಅಣ್ಣ. ವರ್ಷ ತುಂಬುವಷ್ಟರಲ್ಲಿ ಪುಟ್ಟಿ ಮೆಟ್ಟಿಲ ಮೇಲೆ ಕುಸಿದು ಸತ್ತಳು. ನಾಲಗೆ ಚಪಲವೇ ಅವಳನ್ನು ತಿಂದಿತು ಎಂದು ಅಣ್ಣ ಬಂದವರಿಗೆಲ್ಲ ಹೇಳಿದ್ದ.

ಆಸ್ಪತ್ರೆಯಿಂದ ನೆಟ್ಟಗೆ ಅಣ್ಣನ ಮನೆಗೇ ಹೋದಳು. ಅತ್ತಿಗೆ ತಂದಿಟ್ಟ ಚಹಾ ಮುಟ್ಟಲಿಲ್ಲ.

"ನಮಗೆಲ್ಲ ತಿಳಿಸು ಅಂತ ಡಾಕ್ಟ್ರು ನಿಂಗೆ ಹೇಳಿದ್ರಾ, ಇಲ್ವಾ?"

ಅಣ್ಣ ಸುತ್ತಿ ಬಳಸಿ ಏನೇನೋ ಹೇಳಿದ. ಅವಳು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ತಲೆ ತಗ್ಗಿಸಿ ಬಾಯಿಬಿಟ್ಟ.

"ಮಗಳ ಸಂಬಂಧ ಕೂಡೋ ಹೊತ್ತು ಕಣೇ. ರಕ್ತದಲ್ಲೇ ದೋಷ ಅಂದ್ರೆ ಯಾರು ಬರ್ತಿದ್ರು? ಮದುವೆ ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡೆ."

"ಮುಗೀತಲ್ಲ. ಆಮೇಲೆ?"

"ಆಮೇಲೆ ಪುಟ್ಟಿ ಹೋಗ್ಬಿಟ್ಳು. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅವಳಿಗೆ ಮೈಯೆಲ್ಲ ಉರಿಯಿತು. "ಎಲ್ಲಾ ಗೊತ್ತಿದ್ದೂ ಅವಳ ತಟ್ಟೆಗೆ ಕೈ ಹಾಕ್ದೆ. ಸತ್ತ ಮೇಲೂ ಅವಳನ್ನೇ ತಿಂಡಿಪೋತಿ ಮಾಡ್ದೆ."

ಮೇಜಿನ ಮೇಲಿದ್ದ ಫೋನು ತೆಗೆದು ಅವನ ಕೈಗೆ ತುರುಕಿದಳು. ಮೊದಲು ಮಗಳಿಗೆ ಹೇಳು ಎಂದಳು. ಬಾಣಂತಿ, ಈಗ ಬೇಡ ಎಂದು ಅತ್ತಿಗೆ ಅಡ್ಡ ಬಂದಾಗ, ಹಾಗಾದರೆ ಮಗುವಿಗೂ ಪರೀಕ್ಷೆ ಬೇಕೆಂದು ಸೇರಿಸಿ ಹೇಳಲಿ ಎಂದಳು. ಅವನು ಹೇಳಿದ. ಅವನ ಮಾತು ಮುಗಿಯುವ ಮೊದಲೇ ಮಗಳು ಫೋನು ಇಟ್ಟಳು. ಪುಟ್ಟಿಯ ಮಗನಿಗೆ ಹೇಳಲು ಮಾತ್ರ ಅಣ್ಣನಿಗೆ ಧೈರ್ಯ ಸಾಲಲಿಲ್ಲ. ಅವಳೇ ಗುಂಡಿ ಒತ್ತಿ ಅವನ ಕಿವಿಗೆ ಹಿಡಿದಳು. ಅಣ್ಣ ತಡವರಿಸುತ್ತ ಹೇಳಿ ಮುಗಿಸಿದ ಮೇಲೆ ಆ ಕಡೆಯಿಂದ ಹುಡುಗ ಕೇಳಿದ್ದು ಅವಳಿಗೂ ಕೇಳಿಸಿತು.

"ಅಮ್ಮನ್ನ ಉಳಿಸ್ಕೋಬಹುದಿತ್ತಾ ಮಾವ?"

ಅಣ್ಣ ಬಿಕ್ಕಿದ. ಅವಳಿಗೆ ಕನಿಕರ ಹುಟ್ಟಲಿಲ್ಲ.

ಅವಳ ಶಸ್ತ್ರಚಿಕಿತ್ಸೆ ಸುಸೂತ್ರವಾಗಿಯೇ ಆಯಿತು. ಪಕ್ಕದಲ್ಲಿ ಕೂತು ನೋಡಿಕೊಂಡವನು ಪುಟ್ಟಿಯ ಮಗ. ಅವನ ರಕ್ತದಲ್ಲೂ ಅದೇ ಕಂಡಿತ್ತು, ಕವಾಟ ಇನ್ನೂ ಚೆನ್ನಾಗಿತ್ತು. ಅಣ್ಣ ಹಣ್ಣು ಹಿಡಿದು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಒಳಗೆ ಬಿಡಲೇ ಎಂದು ನರ್ಸ್ ಕೇಳಿದಳು.

ಬೇಡ ಎಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.