ಯಾರು ಮೊದಲು ಮಾತಾಡಿಸಬೇಕು

ನನ್ನ ಗಂಡ ದೇವಪ್ಪನಿಗೆ ಸೊಕ್ಕು ಬಂದಿದೆ ಎಂದು ಕೊಪ್ಪದ ಪೇಟೆಯಲ್ಲಿ ಮಾತು ಹಬ್ಬಿದಾಗ ನನ್ನ ಮೈಯೆಲ್ಲ ಉರಿದಿತ್ತು. 2005ರಲ್ಲಿ ಅವರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ದೇವರ ದಯೆ, ಚೇತರಿಸಿಕೊಂಡರು. ಪೇಪರ್ ಓದುತ್ತಿದ್ದರು, ಗದ್ದೆಗೆ ಹೋಗುತ್ತಿದ್ದರು. ಮುಖ ನೋಡಿ ಯಾರೆಂದು ಹೇಳಲು ಮಾತ್ರ ಆಗುತ್ತಿರಲಿಲ್ಲ. ನನ್ನನ್ನೂ ದನಿ ಕೇಳಿಯೇ ಗುರುತಿಸುತ್ತಿದ್ದರು.

ಶಿವಮೊಗ್ಗದ ಡಾಕ್ಟರು, "ಕಣ್ಣು ಸರಿಯಿದೆಯಮ್ಮ. ಕಂಡ ಮುಖವನ್ನು ಹಳೆಯ ನೆನಪಿಗೆ ಜೋಡಿಸುವ ಜಾಗ ಮಿದುಳಿನಲ್ಲಿದೆ. ಪೆಟ್ಟು ಅಲ್ಲಿಗೆ ಬಿದ್ದಿದೆ" ಎಂದರು. ಅದನ್ನು ಊರಿನವರಿಗೆ ಹೇಳಿದರೆ, "ಕನ್ನಡಕ ಬದಲಾಯ್ಸಿ" ಎಂದು ನಕ್ಕರು.

ನಗದೆ ಕೋಪ ಮಾಡಿಕೊಂಡವರು ಕಮ್ಮರಡಿಯ ಬೈರಣ್ಣ, ಇವರ ಬಾಲ್ಯದ ಗೆಳೆಯ. ಇವರಿಗೆ ಪ್ರಜ್ಞೆಯಿಲ್ಲದಾಗ ಆಸ್ಪತ್ರೆಯಲ್ಲಿ ಕಾವಲು ಕೂತವರು. ಆಮೇಲೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೇ ಸಿಕ್ಕರೂ ಇವರು ಮಾತಾಡಿಸದೆ ದಾಟಿ ಹೋದರಂತೆ. "ಹುಟ್ಟಿದಾಗಿಂದ ಕಂಡ ಮುಖ ಮರೆಯೋದು ಅಂದ್ರೆ ಎಂತ? ಅವನೇ ಮೊದ್ಲು ಮಾತಾಡ್ಸಲಿ" ಎಂದು ಬೈರಣ್ಣ ಬರುವುದನ್ನೇ ಬಿಟ್ಟರು. ಇತ್ತ ಇವರು, ಗೆಳೆಯ ಯಾಕೆ ಬರುತ್ತಿಲ್ಲ ಎಂದು ಕೊರಗುತ್ತಿದ್ದರು.

ಅಷ್ಟರಲ್ಲಿ ಮಗಳು ಕಾವ್ಯಳ ಮದುವೆ ಬಂತು. ನಮ್ಮ ಕಡೆ ಹೆಣ್ಣಿನ ಅಪ್ಪ ಬಾಗಿಲಲ್ಲಿ ನಿಂತು, ಬಂದವರನ್ನು ಹೆಸರು ಹಿಡಿದು ಮಾತಾಡಿಸಬೇಕು. ಮಾತಾಡಿಸಲಿಲ್ಲವೆಂದು ಊಟ ಮಾಡದೆ ತಿರುಗಿ ಹೋಗುವ ಶೂರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮಗಳ ಮದುವೆಯಲ್ಲಿ ನೆಂಟರು ಹಸಿದು ಹೋದರೆ ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಹಾಗಾಗಿ ನಾನೇ ಇವರ ಬೆನ್ನ ಹಿಂದೆ ನಿಂತು ಹೆಸರು ಪಿಸುಗುಟ್ಟುತ್ತಿದ್ದೆ. ಪುರೋಹಿತರು ಕರೆದರೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಬೈರಣ್ಣ!

ಇವರು ಕೈಮುಗಿದು, "ಬನ್ನಿ, ಬನ್ನಿ. ಗಂಡಿನ ಕಡೆಯೋರಾ?" ಎಂದರು.

ಬೈರಣ್ಣನ ಮುಖ ಕಪ್ಪಿಟ್ಟಿತು. "ಎಂತ ಹೇಳ್ದೆ ದೇವಾ? ನಾನು ಗಂಡಿನ ಕಡೆಯೋನಾ?"

ದನಿ ಕೇಳಿದ್ದೇ ತಡ, ಇವರು ಅವರನ್ನು ತಬ್ಬಿಕೊಂಡು ಮಕ್ಕಳ ಹಾಗೆ ಅತ್ತರು. "ಬೈರಾ! ನೀನಾ ಮಾರಾಯ? ಎಲ್ಲಿ ಹೋಗಿದ್ದೆ ಇಷ್ಟು ದಿವ್ಸ?"

ಬೈರಣ್ಣ ಇವರ ಹೆಗಲ ಮೇಲಿಂದ ನನ್ನನ್ನು ನೋಡಿದರು. ನಾನು ಏನೂ ಹೇಳಬೇಕಾಗಲಿಲ್ಲ. ಕಣ್ಣೊರೆಸಿಕೊಂಡು ಇವರ ಪಕ್ಕದಲ್ಲೇ ನಿಂತುಬಿಟ್ಟರು. "ಓಹೋ, ಸೀತೂರಿನ ಗಣಪಯ್ಯನೋರು! ಸುಮಿತ್ರಮ್ಮನೂ ಬಂದ್ರು!" ಎಂದು ಅವರು ಕೂಗುವುದು, "ಬನ್ನಿ ಗಣಪಯ್ಯ, ಬನ್ನಿ ಸುಮಿತ್ರಮ್ಮ" ಎಂದು ಇವರು ಕೈಹಿಡಿಯುವುದು. ಹೆಣ್ಣಿನ ಅಪ್ಪ ಇವರಿಬ್ಬರಲ್ಲಿ ಯಾರು ಎಂದು ಗಂಡಿನ ಕಡೆಯವರು ತಮಾಷೆ ಮಾಡಿದರು. ಒಬ್ಬರೂ ಊಟ ಬಿಟ್ಟು ಹೋಗಲಿಲ್ಲ.

ಬೈರಣ್ಣ ಉಂಡದ್ದು ಕೊನೆಯ ಪಂಕ್ತಿಯಲ್ಲಿ. ಪಾಯಸ ಬಡಿಸುತ್ತಾ, "ನಮ್ಮ ಮಾನ ಉಳಿಸಿದ್ರಿ ಬೈರಣ್ಣ. ಸಾಯೋವರೆಗೂ ಮರೆಯಲ್ಲ" ಎಂದೆ.

ಅವರು ಎಲೆಯಿಂದ ತಲೆ ಎತ್ತಲಿಲ್ಲ. "ಅವನು ಮಾತಾಡ್ಸಲಿ ಅಂತ ಸುಮ್ನೆ ಕಾಯ್ತಾ ಕೂತಿದ್ನಲ್ಲ ಅತ್ತಿಗೆ, ನಾನೆಂತ ಜನ!" ಎಂದರು.

ಮರುದಿನ ಬೆಳಿಗ್ಗೆ ನಮ್ಮನೆ ಮುಂದೆ ಬಸ್ಸು ನಿಂತಿತು. ಇಳಿಯುವ ಮೊದಲೇ ಮೆಟ್ಟಿಲಿನಿಂದ, ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಕೂಗು ಕೇಳಿತು: "ದೇವಾ, ನಾನು ಬೈರ ಬಂದೆ!"